ಮೂವತ್ತೊಂದರಲ್ಲಿ ಏಳು ಮಕ್ಕಳು

ಬನ್ನಿಗಿಡದ ದೊಡ್ಡಿ, ದೇವದುರ್ಗ ತಾಲ್ಲೂಕು
೧೮-೬-೧೯೭೮

ಅಪ್ಪನಿಗೆ, ಗೋಪಮ್ಮ ಕೈಮುಗಿದು ಬರೆಯುವುದು.

ಶಾಲೆ ಶುರುವಾಯಿತು. ಬೇಸಿಗೆ ರಜೆಯಲ್ಲಿ ಇಲಿಗಳು ನನ್ನ ಕೋಣೆಯಲ್ಲಿ ಸಂಸಾರ ಹೂಡಿದ್ದವು. ಅವನ್ನೆಲ್ಲ ವರ್ಗಾವಣೆ ಮಾಡಿ ನಾನು ಸೇರಿಕೊಂಡಿದ್ದೇನೆ. ಅವ್ವ ಕೊಟ್ಟ ಗುರೆಳ್ಳು ಪುಡಿ ಆಗಲೇ ಅರ್ಧ ಮುಗಿದಿದೆ. ಮುಂದಿನ ಸಲ ಖಾರ ಕಡಿಮೆ ಮಾಡಬೇಡ ಎಂದು ಅವ್ವನಿಗೆ ಹೇಳು. ಈ ಊರಿನ ಬಾವಿ ನೀರು ಸವಳು, ಖಾರ ಇದ್ದರೇ ಅನ್ನ ಒಳಗೆ ಇಳಿಯುತ್ತದೆ.

ಈ ವರ್ಷ ಹಾಜರಿ ಪುಸ್ತಕದಲ್ಲಿ ಮೂವತ್ತೊಂದು ಹೆಸರು. ಒಂದರಿಂದ ನಾಲ್ಕನೆಯ ತರಗತಿಯವರೆಗೆ ನಾನೊಬ್ಬಳೇ. ಒಂದು ಕೋಣೆ, ನಾಲ್ಕು ಮೂಲೆ, ಮೂಲೆಗೊಂದು ತರಗತಿ. ನಿನಗೆ ಮೂರನೆಯ ತರಗತಿ ಎಂದರೆ ಪ್ರೀತಿ ಅಲ್ಲವೇ, ದಸರಾ ರಜೆಯೊಳಗೆ ಅವರಿಗೆ ಏನೇನು ಕಲಿಸಬೇಕು ಎಂಬುದನ್ನು ಬರೆಯುತ್ತೇನೆ. ಕನ್ನಡದಲ್ಲಿ ಒತ್ತಕ್ಷರ ಎಡವದೆ ಓದುವುದು, ಎರಡು ಪದ್ಯ ಬಾಯಿಪಾಠ, ಉಕ್ತಲೇಖನ. ಗಣಿತದಲ್ಲಿ ಹತ್ತು ಕಡ ತಂದು ಕಳೆಯುವುದು, ಹತ್ತರವರೆಗೆ ಮಗ್ಗಿ. ಸಮಾಜ ಪಾಠದಲ್ಲಿ ನಮ್ಮ ಜಿಲ್ಲೆ, ಅದರ ತಾಲ್ಲೂಕುಗಳು, ಎರಡು ಹೊಳೆ. ವಿಜ್ಞಾನದಲ್ಲಿ ಬೀಜ ಮೊಳೆಯುವುದು, ಸೊಳ್ಳೆಯಿಂದ ಜ್ವರ ಬರುವ ಬಗೆ.

ಇದನ್ನು ಬರೆಯುವಾಗ ನನಗೇ ನಗು ಬಂತು. ನಾನು ಮೂರನೆಯ ತರಗತಿಯಲ್ಲಿದ್ದಾಗ ನೀನು ಗಂಜಿನ ಮಾರುಕಟ್ಟೆಯಲ್ಲಿ ಚೀಲ ಹೊತ್ತು ಬಂದು, ಕಾಲು ತೊಳೆದುಕೊಂಡು, "ಇವತ್ತೇನ ಕಲಿಸಿದ್ರು ಹೇಳವ್ವಾ" ಎಂದು ನನ್ನ ಮುಂದೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದೆ. ನಾನು ಹಗಲು ಕಲಿತದ್ದನ್ನು ನೀನು ಸಂಜೆ ಕಲಿಯುತ್ತಿದ್ದೆ. ಒತ್ತಕ್ಷರ ತಪ್ಪಿದರೆ ನಾನು ನಿನ್ನ ಅಂಗೈಗೆ ಪಟ್ಟಿಯಿಂದ ಹೊಡೆಯುತ್ತಿದ್ದೆ. ಹಮಾಲನ ಕೈ, ಪಟ್ಟಿಯೇ ಮುರಿಯಿತು.

ಈ ವರ್ಷ ತಪಾಸಣೆಗೆ ಸಾಹೇಬರು ಬರುತ್ತಾರೆ. ಅವರು ಚೆನ್ನಾಗಿ ಬರೆದರೆ ನಾನು ಖಾಯಂ. ಅದಕ್ಕಿಂತ ಮೊದಲು ನೀನು ಬಂದು ನನ್ನ ಶಾಲೆ ನೋಡಬೇಕು. ಹೋದ ವರ್ಷ ಆರು ಸಲ ಕರೆದೆ, ಆರೂ ಸಲ ನೀನು ಒಂದೊಂದು ನೆಪ ಹೇಳಿದೆ.

ನಿನ್ನ ಮಗಳು, ನಿನಗೆ ಅಕ್ಕೋರೂ ಹೌದು,
ಗೋಪಮ್ಮ


ರಾಯಚೂರು
೨-೭-೧೯೭೮

ನಮ್ಮ ಅಕ್ಕೋರು ಗೋಪಮ್ಮನಿಗೆ, ವಿದ್ಯಾರ್ಥಿ ಸುಂಕಪ್ಪ ಬರೆಯುವುದು.

ನಿನ್ನ ಪತ್ರ ಮೂರು ಸಲ ಓದಿದೆ. ಒಂದು ಸಲ ನನಗೆ, ಒಂದು ಸಲ ನಿನ್ನ ಅವ್ವನಿಗೆ, ಒಂದು ಸಲ ಗಂಜಿನ ಹಮಾಲರಿಗೆ. ಅವರಿಗೆ ಓದುವಾಗ ಪಟ್ಟಿ ಮುರಿದದ್ದನ್ನು ಹಾರಿಸಿದೆ.

ನಿನ್ನ ಅವ್ವ ದುರುಗಮ್ಮ ಕೇಳುತ್ತಾಳೆ, "ಬಾಯಾಗ ಒಂದು ನಮೂನಿ ಮಾತಾಡ್ತಿ, ಕಾಗದದಾಗ ಒಂದು ನಮೂನಿ ಬರಿತಿ, ಯಾಕ?" ನನಗೆ ಬರೆಯಲು ಕಲಿಸಿದ್ದು ನಿನ್ನ ಪುಸ್ತಕ. ಪುಸ್ತಕ ಹೇಗೆ ಮಾತಾಡುತ್ತದೆಯೋ ನಾನೂ ಹಾಗೆಯೇ ಬರೆಯುತ್ತೇನೆ.

ತಾಲ್ಲೂಕುಗಳನ್ನು ನೋಡದೆ ಬರೆಯುತ್ತಿದ್ದೇನೆ. ರಾಯಚೂರು, ಮಾನವಿ, ದೇವದುರ್ಗ, ಸಿಂಧನೂರು, ಲಿಂಗಸುಗೂರು, ಗಂಗಾವತಿ, ಕೊಪ್ಪಳ, ಯಲಬುರ್ಗಾ, ಕುಷ್ಟಗಿ. ಒಂಬತ್ತು. ತಪ್ಪಿದ್ದರೆ ಪಟ್ಟಿ ತೆಗೆದುಕೊಂಡು ಬಾ. ಬೀಜದ ಪಾಠ ಶುರುವಾದಾಗ ತಿಳಿಸು. ನಾನೂ ಇಲ್ಲಿ ತೆಂಗಿನ ಚಿಪ್ಪಿನಲ್ಲಿ ಶೇಂಗಾ ಹಾಕುತ್ತೇನೆ.

ಬರಬೇಕೆಂದು ಆಸೆ ಇದೆ. ಆದರೆ ಗಂಜಿನಲ್ಲಿ ಕೆಲಸ ಬಹಳ.

ನಿನ್ನ ಅಪ್ಪ,
ಸುಂಕಪ್ಪ


ಬನ್ನಿಗಿಡದ ದೊಡ್ಡಿ
೨೫-೭-೧೯೭೮

ಯಪ್ಪಾ,

ಆಷಾಢದಲ್ಲಿ ಗಂಜಿನಲ್ಲಿ ಏನು ಕೆಲಸ? ನೊಣ ಹೊಡೆಯುವುದೇ? ನಾನು ಹಮಾಲನ ಮಗಳು, ಶೇಂಗಾ ಯಾವಾಗ ಬರುತ್ತದೆ, ಹತ್ತಿ ಯಾವಾಗ ಬರುತ್ತದೆ ಎಂದು ನನಗೂ ಗೊತ್ತು. ಹೋಗಲಿ ಬಿಡು.

ಬೀಜದ ಪಾಠ ಮುಗಿಯಿತು. ಮಕ್ಕಳು ಒದ್ದೆ ಬಟ್ಟೆಯಲ್ಲಿ ಕಟ್ಟಿದ ಹೆಸರು ಕಾಳು ಮೂರನೆಯ ದಿನ ಮೊಳಕೆಯೊಡೆಯಿತು. ಪಾಠ ಮುಗಿಯುವಷ್ಟರಲ್ಲಿ ಒಂದನೆಯ ತರಗತಿಯವರು ಅದನ್ನು ತಿಂದು ಮುಗಿಸಿದರು. ಈಗ ಕಳೆಯುವ ಲೆಕ್ಕ ನಡೆದಿದೆ. ಇದು ಕುರುಬರ ದೊಡ್ಡಿ, ಕುರಿಯ ಲೆಕ್ಕವನ್ನೇ ಕೊಟ್ಟರೆ ಸುಲಭ ಎಂದುಕೊಂಡು ಕೇಳಿದೆ: ಮೂವತ್ತೊಂದು ಕುರಿ ಮೇಯಲು ಹೋದವು, ಸಂಜೆ ಇಪ್ಪತ್ತಮೂರು ಬಂದವು. ಬಾರದವು ಎಷ್ಟು?

ಮೂರನೆಯ ತರಗತಿಯಲ್ಲಿ ಅಯ್ಯಮ್ಮ ಎಂಬ ಹುಡುಗಿ ಇದ್ದಾಳೆ. ಕುರಿ ಕಾಯುವ ಕನಕಪ್ಪನ ಮಗಳು, ಒಂಬತ್ತು ವರ್ಷ ಇರಬಹುದು. ಓದಲು ಹೇಳಿದರೆ ಪುಸ್ತಕವನ್ನೇ ನೋಡುತ್ತಾ ನಿಲ್ಲುತ್ತಾಳೆ. ಅವಳು ಎದ್ದು ಕೇಳಿದಳು, "ಯಾವ್ಯಾವ ಬರಲಿಲ್ರಿ ಅಕ್ಕೋರ?"

"ಯಾವುದಾದ್ರೇನ, ಎಷ್ಟು ಅಂತ ಹೇಳು."

"ಎಷ್ಟು ಅಂತ ಗೊತ್ತಾದ್ರ ಕುರಿ ಸಿಗೂದಿಲ್ರಿ. ಯಾವ ಕುರಿ ಅಂತ ಗೊತ್ತಾಗಬೇಕು. ಕುಂಟ ಕುರಿ ಆದ್ರ ದಾರ್ಯಾಗ ಹಿಂದ ಉಳದಿರತದ. ಮರಿ ಹಾಕಿದ್ದಾದ್ರ ಬೇಲಿ ಮರೆಗೆ ಇರತದ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಪಾಟಿಯ ಮೇಲೆ ಉತ್ತರ ಬರೆದಿರಲಿಲ್ಲ, ಸೊನ್ನೆ ಹಾಕಿ ಕೂರಿಸಿದೆ. ಇಂಥವರನ್ನು ಇಟ್ಟುಕೊಂಡು ಸಾಹೇಬರ ಮುಂದೆ ಹೇಗೆ ನಿಲ್ಲಲಿ ಹೇಳು. ಅವಳಂಥವರು ಇನ್ನೂ ಐದಾರು ಮಂದಿ ಇದ್ದಾರೆ.

ಗೋಪಮ್ಮ


ರಾಯಚೂರು
೮-೮-೧೯೭೮

ಮಗಳಿಗೆ,

ಐದು ಶೇಂಗಾ ಹಾಕಿದ್ದೆ. ನಾಲ್ಕು ಹುಟ್ಟಿವೆ. ಐದನೆಯದು ಇರುವೆಯ ಪಾಲಾಯಿತು. ದುರುಗಮ್ಮ ನನ್ನನ್ನು ನೋಡಿ, "ಈ ವಯಸ್ಸಿನ್ಯಾಗ ಚಿಪ್ಪಿನ್ಯಾಗ ಒಕ್ಕಲತನ" ಎಂದು ನಗುತ್ತಾಳೆ.

ಅಯ್ಯಮ್ಮನಿಗೆ ಸೊನ್ನೆ ಹಾಕಿದ್ದು ನನಗೆ ಸರಿ ಕಾಣಲಿಲ್ಲ. ಗಂಜಿನಲ್ಲಿಯೂ ಚೀಲ ಕಡಿಮೆ ಬಿದ್ದರೆ ಮುನೀಮರು ಕೇಳುವುದು ಯಾವ ಗಾಡಿಯದು, ಯಾವ ಊರಿನದು ಎಂದು. ಎಷ್ಟು ಎಂಬುದು ಆಮೇಲೆ. ಆ ಹುಡುಗಿ ಲೆಕ್ಕದಲ್ಲಿ ನಮಗಿಂತ ಒಂದು ಹೆಜ್ಜೆ ಮುಂದೆ ಇದ್ದಾಳೆ. ಸೊನ್ನೆಯನ್ನು ಅಳಿಸಿಬಿಡು. ಪಾಟಿಯ ಮೇಲಿನದು ತಾನೇ, ಉಗುಳು ಹಚ್ಚಿ ಒರೆಸಿದರೆ ಹೋಗುತ್ತದೆ.

ನೊಣ ಹೊಡೆಯುತ್ತಿದ್ದೇನೆ, ನಿಜ. ಮೊಣಕಾಲು ನೋವೂ ಇದೆ.

ಸುಂಕಪ್ಪ


ಬನ್ನಿಗಿಡದ ದೊಡ್ಡಿ
೩-೯-೧೯೭೮

ಯಪ್ಪಾ, ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದು.

ಬುಧವಾರ ಸಾಹೇಬರ ಜೀಪು ಬಂತು. ಅವರು ಎರಡು ತಾಸು ಕೂತರು. ತಾಲ್ಲೂಕು ಕೇಳಿದರು, ಒಬ್ಬ ಹುಡುಗ ಒಂಬತ್ತೂ ಹೇಳಿದ. ಎಂಟರ ಮಗ್ಗಿ ಕೇಳಿದರು, ತಡವರಿಸಲಿಲ್ಲ. ಪದ್ಯ ಹಾಡಿಸಿದರು. ಬೀಜಕ್ಕೆ ಏನೇನು ಬೇಕು ಎಂದರೆ ನೀರು, ಗಾಳಿ, ಶಾಖ ಎಂದು ಒಂದೇ ದನಿಯಲ್ಲಿ ಕೂಗಿದರು. ಮಕ್ಕಳನ್ನು ನಾನು ಹೇಗೆ ಕೂರಿಸಿದ್ದೆ ಗೊತ್ತೇ? ಮೂರು ಸಾಲು, ಸಾಲಿಗೆ ಎಂಟು ಮಕ್ಕಳು, ದಾರ ಹಿಡಿದು ಕೂರಿಸಿದ ಹಾಗೆ. ಸಾಹೇಬರು ಅದನ್ನೂ ಮೆಚ್ಚಿಕೊಂಡರು.

ವರದಿ ಪುಸ್ತಕದಲ್ಲಿ ಬರೆದದ್ದನ್ನು ಹಾಗೆಯೇ ಇಳಿಸುತ್ತೇನೆ: "ಒಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಇಂಥ ಕಲಿಕೆ ಅಪರೂಪ. ಈ ಅವಧಿಯ ಎಲ್ಲ ವಿಷಯಗಳೂ ಮಕ್ಕಳಿಗೆ ಚೆನ್ನಾಗಿ ಮನದಟ್ಟಾಗಿವೆ. ಶಿಕ್ಷಕಿಯ ಶ್ರಮ ಮೆಚ್ಚತಕ್ಕದ್ದು." ಅಪ್ಪಾ, ಎಲ್ಲ ವಿಷಯಗಳೂ ಎಂದಿದ್ದಾರೆ! ಪಕ್ಕದೂರಿನ ಹನುಮಂತ್ರಾಯ ಮಾಸ್ತರರು ಬಂದು, "ಇನ್ನ ನಿಮ್ಮ ಖಾಯಂ ಆದಂಗೇ ಬಿಡ್ರಿ" ಎಂದು ಹೇಳಿ ಹೋದರು.

ಹಮಾಲರಿಗೆ ಓದು. ಒಂದು ಅಕ್ಷರವನ್ನೂ ಹಾರಿಸಬೇಡ.

ಗೋಪಮ್ಮ


ರಾಯಚೂರು
೧೧-೯-೧೯೭೮

ಮಗಳಿಗೆ,

ಓದಿದೆ. ಹಮಾಲರಿಗೆಲ್ಲ ಚಹಾ ಕುಡಿಸಿದೆ. ನಿನ್ನ ಅವ್ವ ಅತ್ತಳು. ಸಂತೋಷಕ್ಕೆ.

ಆಮೇಲೆ ನಾನು ಒಬ್ಬನೇ ಕೂತು ಲೆಕ್ಕ ಮಾಡಿದೆ. ಲೆಕ್ಕ ಮಾಡುವ ಚಟ ಹಚ್ಚಿದವಳು ನೀನೇ. ಮೂರು ಎಂಟಲೆ ಇಪ್ಪತ್ತನಾಲ್ಕು. ಹಾಜರಿಯಲ್ಲಿ ಮೂವತ್ತೊಂದು. ಒಂದರಲ್ಲಿ ನಾಲ್ಕು ಹೋಗುವುದಿಲ್ಲ. ಪಕ್ಕದ ಮೂರರ ಮನೆಯಿಂದ ಹತ್ತು ಕಡ ತಂದೆ. ಹನ್ನೊಂದರಲ್ಲಿ ನಾಲ್ಕು ಹೋದರೆ ಏಳು. ಮೂರರ ಮನೆಯಲ್ಲಿ ಎರಡು ಉಳಿದಿತ್ತು, ಎರಡರಲ್ಲಿ ಎರಡು ಹೋದರೆ ಏನೂ ಇಲ್ಲ. ಏಳು.

ಅಯ್ಯಮ್ಮ ಕೇಳಿದ ಹಾಗೆಯೇ ಕೇಳುತ್ತೇನೆ. ಯಾವ ಏಳು?

ಸುಂಕಪ್ಪ


ಬನ್ನಿಗಿಡದ ದೊಡ್ಡಿ
೧೭-೯-೧೯೭೮

ಯಪ್ಪಾ,

ಒಳ್ಳೆಯ ಸುದ್ದಿ ಬರೆದರೆ ನೀನು ಅದರಲ್ಲಿ ಕಲ್ಲು ಆರಿಸುತ್ತೀ. ಅವತ್ತು ಏಳು ಮಕ್ಕಳಿಗೆ ಜ್ವರ. ಮಳೆಗಾಲದಲ್ಲಿ ಊರೂರಿಗೂ ಇರುವಂಥದ್ದೇ. ಹಾಜರಿ ಪುಸ್ತಕದಲ್ಲಿಯೂ ಹಾಗೆಯೇ ಬರೆದಿದ್ದೇನೆ. ಅರ್ಧ ವರ್ಷದ ಪರೀಕ್ಷೆಯ ಕೆಲಸ ಬಹಳ ಇದೆ. ಅವ್ವನಿಗೆ ಹೇಳು.

ಗೋಪಮ್ಮ


ಬನ್ನಿಗಿಡದ ದೊಡ್ಡಿ
೨-೧೦-೧೯೭೮

ಅಪ್ಪಾ,

ಹದಿನೈದು ದಿನವಾಯಿತು, ನೀನು ಬರೆಯಲಿಲ್ಲ. ನೀನು ನಂಬಲಿಲ್ಲ ಎಂದು ಅರ್ಥವಾಯಿತು. ದಸರಾ ರಜೆ ಶುರುವಾಗಿದೆ, ನಾನು ಊರಿಗೆ ಬರುತ್ತಿಲ್ಲ. ನಿನ್ನ ಮುಖ ನೋಡುವ ಧೈರ್ಯ ನನಗಿಲ್ಲ. ಕಾಗದದ ಮೇಲಾದರೂ ಹೇಳಿಬಿಡುತ್ತೇನೆ.

ಜ್ವರ ಸುಳ್ಳು. ಆ ಏಳು ಮಕ್ಕಳಿಗೆ ಬರಬೇಡಿ ಎಂದು ಹೇಳಿದವಳು ನಾನು.

ತಪಾಸಣೆಗೆ ಎರಡು ದಿನ ಇದ್ದಾಗ ಹನುಮಂತ್ರಾಯ ಮಾಸ್ತರರು ಬಂದು, "ಮಂದ ಹುಡುಗರನ್ನ ಅವತ್ತೊಂದಿನ ಮನ್ಯಾಗ ಇರ್ರಿ ಅಂತ ಹೇಳ್ರಿ. ಎಲ್ಲಾ ಸಾಲ್ಯಾಗೂ ಹಿಂಗ ಮಾಡ್ತಾರ" ಎಂದರು. ಅವರ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳುವುದಿಲ್ಲ. ಅವರು ಹೇಳದಿದ್ದರೂ ನನ್ನ ಮನಸ್ಸಿನಲ್ಲಿ ಅದು ಇತ್ತು. ಮಂಗಳವಾರ ಸಂಜೆ ಏಳು ಮಂದಿಯನ್ನು ಹಿಂದೆ ಉಳಿಸಿಕೊಂಡೆ. "ನಾಳಿ ಸಾಹೇಬ್ರು ಬರ್ತಾರ, ನೀವು ಬರಬ್ಯಾಡ್ರಿ" ಎಂದೆ. ಒಬ್ಬೊಬ್ಬರ ಕೈಗೂ ಒಂದೊಂದು ಪೆಪ್ಪರಮಿಂಟು ಕೊಟ್ಟೆ. ಅವರು ಖುಷಿಯಿಂದ ಓಡಿದರು. ಅಯ್ಯಮ್ಮ ಮಾತ್ರ ಅದನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ, ಕೈಯಲ್ಲಿಯೇ ಹಿಡಿದುಕೊಂಡು ನಿಧಾನ ಹೋದಳು.

ಹಾಜರಿ ಪುಸ್ತಕದಲ್ಲಿ ಏಳು ಹೆಸರಿನ ಮುಂದೆ ಗೈರುಹಾಜರಿ, ಕಾರಣ ಜ್ವರ ಎಂದು ಬರೆದೆ. ಸಾಹೇಬರು ಅದನ್ನು ಓದಿ ಅಯ್ಯೋ ಎಂದರು. ಅವರು ಒಳ್ಳೆಯವರು ಅಪ್ಪಾ, ಅದೇ ಕಷ್ಟವಾಯಿತು. ಹೋದವರು ದೇವದುರ್ಗದ ಆಸ್ಪತ್ರೆಗೆ ಚೀಟಿ ಬರೆದಿದ್ದರು. ಮೊನ್ನೆ ರಜೆ ಶುರುವಾಗುವ ಹಿಂದಿನ ದಿನ ಮಲೇರಿಯಾದವರು ಚೀಲ ಹಾಕಿಕೊಂಡು ಶಾಲೆಗೇ ಬಂದರು. ನನ್ನ ಪುಸ್ತಕ ನೋಡಿಯೇ ಹೆಸರು ಕೂಗಿದರು. ಆರು ಮಕ್ಕಳು ಎದ್ದು ಬಂದು ಬೆರಳು ಚಾಚಿದರು. ಒಬ್ಬೊಬ್ಬರ ಬೆರಳನ್ನೂ ಸೂಜಿಯಿಂದ ಚುಚ್ಚಿ ಗಾಜಿನ ಮೇಲೆ ರಕ್ತ ತೆಗೆದುಕೊಂಡರು. ನಾನು ಪಕ್ಕದಲ್ಲಿಯೇ ನಿಂತಿದ್ದೆ. ಬೇಡ, ಇವರಿಗೆ ಏನೂ ಆಗಿಲ್ಲ ಎನ್ನಲು ಒಂದು ಮಾತು ಸಾಕಿತ್ತು. ಆಡಲಿಲ್ಲ.

ಕಡೆಗೆ ಒಬ್ಬ ಹುಡುಗ ಬೆರಳು ಬಾಯಿಯಲ್ಲಿಟ್ಟುಕೊಂಡು ಕೇಳಿದ, "ನಮಗ ಜ್ವರ ಬಂದಿತ್ತೇನ್ರಿ ಅಕ್ಕೋರ?" ನಾನು ಕಲಿಸಿದ ಪಾಠ ಅದು, ಸೊಳ್ಳೆ, ಜ್ವರ, ಎಲ್ಲವನ್ನೂ ಕಲಿಸಿದ್ದೆ. ಅಕ್ಕೋರು ಪುಸ್ತಕದಲ್ಲಿ ಬರೆದಿದ್ದಾರೆ ಎಂದರೆ ಬಂದಿರಲೇಬೇಕು ಎಂದು ಅವನು ನಂಬಿದ್ದ. ನಾನು ಹೂಂ ಎಂದೆ. ಅಪ್ಪಾ, ಹೂಂ ಎಂದೆ.

ಏಳನೆಯ ಹೆಸರು ಅಯ್ಯಮ್ಮ. ಕರೆದರೆ ಅವಳಿಲ್ಲ. ಉಳಿದ ಆರು ಮಂದಿ ತಪಾಸಣೆಯ ಮರುದಿನವೇ ಬಂದಿದ್ದರು. ಅವಳು ಅವತ್ತಿನಿಂದ ಇವತ್ತಿನವರೆಗೂ ಬಂದಿಲ್ಲ. ಒಂದು ತಿಂಗಳಿಂದ ನನಗೆ ಅದು ಗೊತ್ತಿದೆ. ಏಕೆ ಬಂದಿಲ್ಲ ಎಂದು ನಾನು ಕೇಳಲಿಲ್ಲ. ಓದಲು ಬಾರದ ಹುಡುಗಿ ಒಬ್ಬಳು ಕಡಿಮೆಯಾದಳಲ್ಲ ಎಂದು ಒಳಗೊಳಗೇ ಹಗುರವೂ ಆಗಿತ್ತು.

ನೀನು ಬೈದು ಬರೆ.

ಗೋಪಮ್ಮ


ರಾಯಚೂರು
೧೨-೧೦-೧೯೭೮

ಮಗಳಿಗೆ,

ನಾನು ಬೈಯುವುದಿಲ್ಲ. ಬೈದರೆ ನಿನಗೆ ಹಗುರವಾಗುತ್ತದೆ.

ನಿನಗೆ ಒಂದು ಸುಳ್ಳು ಹೇಳಿದ್ದೆ. ನಾನು ಶಾಲೆಯ ಮುಖವನ್ನೇ ಕಂಡಿಲ್ಲ ಎಂದು ನೀನು ತಿಳಿದಿರುವೆ. ಕಂಡಿದ್ದೇನೆ. ನಿನ್ನ ಅವ್ವನಿಗೂ ನಿನ್ನೆಯೇ ಹೇಳಿದ್ದು. ಹಬ್ಬದ ದಿನ ಈ ಮಾತು ಯಾಕೆ ಎಂದು ಅವಳು ಅಂದಳು.

ಆಗ ನನಗೆ ಒಂಬತ್ತು ವರ್ಷ. ನಿಜಾಮರ ಕಾಲ. ಮಾನವಿ ತಾಲ್ಲೂಕಿನ ನಮ್ಮ ಊರಿನಲ್ಲಿ ಶಾಲೆ ಇತ್ತು. ನಮ್ಮ ಕೇರಿಯಿಂದ ಹೋಗುತ್ತಿದ್ದವನು ನಾನೊಬ್ಬನೇ. ಒಳಗೆ ಬಿಡುತ್ತಿರಲಿಲ್ಲ, ಕಟ್ಟೆಯ ಕೆಳಗೆ ಅಂಗಳದಲ್ಲಿ ಕೂರಬೇಕು. ಒಳಗೆ ಹೇಳಿದ್ದು ಹೊರಗೆ ಕೇಳಿದಷ್ಟು ನನ್ನದು. ಆದರೂ ಮೂರು ತಿಂಗಳಲ್ಲಿ ಇಪ್ಪತ್ತರವರೆಗೆ ಎಣಿಸಲು ಕಲಿತಿದ್ದೆ. ಒಂದು ಸಂಜೆ ಮಾಸ್ತರರು ಹೊರಗೆ ಬಂದು, "ಸುಂಕ್ಯಾ, ನಾಳಿ ತಪಾಸಣಿ ಸಾಹೇಬ್ರು ಬರ್ತಾರ. ನೀ ಬರಬ್ಯಾಡ" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಮೇಲಿಂದ ನನ್ನ ಕೈಗೆ ಒಂದು ಬೆಲ್ಲದ ಚೂರು ಬಿಟ್ಟರು.

ನಿನ್ನ ಪತ್ರದಲ್ಲಿ ಪೆಪ್ಪರಮಿಂಟು ಎಂದು ಓದಿದಾಗ ನನ್ನ ಬಾಯಿಯಲ್ಲಿ ಆ ಬೆಲ್ಲದ ರುಚಿ ಬಂತು. ಪತ್ರವನ್ನು ಮಡಿಸಿಟ್ಟು ಹೊರಗೆ ಹೋದೆ.

ಮರುದಿನ ರಸ್ತೆಯ ಹುಣಸೆ ಗಿಡದ ಕೆಳಗೆ ನಿಂತು ನೋಡಿದೆ. ಸಾಹೇಬರ ಟಾಂಗಾ ಬಂತು, ಹೋಯಿತು. ಅದರ ಮರುದಿನವೂ ಹೋಗಿ ಅಲ್ಲಿಯೇ ನಿಂತೆ. ಬರಬೇಡ ಎಂದವರು ಬಾ ಎನ್ನಬೇಕಲ್ಲ. ಮಾಸ್ತರರು ನನ್ನನ್ನು ನೋಡಿದರು. ನೋಡಿ ಒಳಗೆ ಹೋದರು. ಎಂಟು ದಿನ ನಿಂತೆ. ಒಂಬತ್ತನೆಯ ದಿನ ನಮ್ಮಪ್ಪ ಗೌಡರ ಎತ್ತು ಮೇಯಿಸಲು ಕಳಿಸಿದ.

ನಾನು ದಡ್ಡ, ಅದಕ್ಕೇ ಬೇಡ ಎಂದರು ಎಂದೇ ತಿಳಿದುಕೊಂಡೆ. ನಾಚಿಕೆ ಆಗಬೇಕಾದದ್ದು ಅವರಿಗೆ. ಆದದ್ದು ನನಗೆ. ಮೂವತ್ತೆಂಟು ವರ್ಷ ಹೊತ್ತೆ. ಚೀಲವಾಗಿದ್ದರೆ ಎಲ್ಲಿಯಾದರೂ ಇಳಿಸುತ್ತಿದ್ದೆ. ನಿನ್ನನ್ನು ಶಾಲೆಗೆ ಬಿಡಲು ಬಂದಾಗ ನಾನು ರಸ್ತೆಯ ಈಚೆಗೇ ನಿಲ್ಲುತ್ತಿದ್ದೆನಲ್ಲ, ನಿನ್ನ ಗೆಳತಿಯರ ಅಪ್ಪಂದಿರು ಒಳಗೆ ಬರುತ್ತಾರೆ, ನೀನು ಯಾಕೆ ಬರುವುದಿಲ್ಲ ಎಂದು ಅಳುತ್ತಿದ್ದೆಯಲ್ಲ, ಅದು ಇದಕ್ಕೇ. ನಿನ್ನ ಊರಿಗೆ ಬರದೆ ಗಂಜು, ಮೊಣಕಾಲು ಎಂದದ್ದೂ ಇದಕ್ಕೇ. ನನ್ನ ಮೊಣಕಾಲು ಗಟ್ಟಿಯಾಗಿದೆ.

ನಿನ್ನ ಪತ್ರ ಓದಿದ ಮೇಲೆ ಆ ಮಾಸ್ತರರ ಮೇಲೆ ನನಗೆ ಸಿಟ್ಟೂ ಬರದ ಹಾಗೆ ಆಯಿತು. ಅವರಿಗೂ ಒಬ್ಬ ಅಪ್ಪ ಇದ್ದಿರಬೇಕು ಎಂದು ಅನ್ನಿಸಿತು. ನನ್ನ ಮಗಳ ಕೈಯಲ್ಲೂ ಆ ಬೆಲ್ಲ ಇದೆ ಎಂಬುದು ನನ್ನಿಂದ ತಡೆದುಕೊಳ್ಳಲು ಆಗುತ್ತಿಲ್ಲ.

ಅಯ್ಯಮ್ಮ ಯಾಕೆ ಬಂದಿಲ್ಲ ಎಂದು ನನಗೆ ಗೊತ್ತು. ನನ್ನ ಮನೆಗೆ ಯಾರೂ ಬರಲಿಲ್ಲ. ನೀನು ಹೋಗು.

ಸುಂಕಪ್ಪ


ಬನ್ನಿಗಿಡದ ದೊಡ್ಡಿ
೨೪-೧೦-೧೯೭೮

ಅಪ್ಪಾ,

ಹೋಗಿದ್ದೆ.

ಅವರ ಗುಡಿಸಲಿಗೆ ಬೀಗ. ಮಂದೆ ಹೊಡೆದುಕೊಂಡು ಹೊಳೆಯ ಕಡೆಗೆ ಹೋಗಿದ್ದಾರೆ, ಗೂಗಲ್ ಊರಿನ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ ಮಲಗಿಸುತ್ತಿದ್ದಾರೆ ಎಂದು ಊರವರು ಹೇಳಿದರು. ತಪಾಸಣೆಯ ದಿನ ಬೆಳಿಗ್ಗೆಯೇ ಹೊರಟರಂತೆ. ಹೇಗೂ ಶಾಲೆ ಬೇಡ ಎಂದಿದ್ದಾರಲ್ಲ ಎಂದು ಅವಳನ್ನೂ ಕರೆದುಕೊಂಡು ಹೋದರಂತೆ. ಎಷ್ಟು ದೂರ ನಡೆದೆನೋ ಗೊತ್ತಿಲ್ಲ. ಮೊದಲ ದಿನ ಸಿಗಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಒಂದು ಕರಿ ಹೊಲದಲ್ಲಿ ಮಂದೆ ಕಂಡಿತು.

ಕನಕಪ್ಪ ನನ್ನನ್ನು ನೋಡಿ ಕಂಬಳಿ ಹಾಸಿದ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ, ಎಲ್ಲ ಮರೆತುಹೋಯಿತು. ಮಗಳನ್ನು ಯಾಕೆ ಕಳಿಸಲಿಲ್ಲ ಎಂದೆ. ನೋಡು, ಆಗಲೂ ತಪ್ಪು ಅವನದೇ ಎಂಬ ಹಾಗೆ ಕೇಳಿದೆ. ಅವನು, "ನೀವು ಬ್ಯಾಡ ಅಂದಿರಂತಲ್ರಿ. ತಿರುಗಿ ಬಾ ಅಂದ್ರ ಕಳಸೂದೇ. ಬ್ಯಾಡ ಅಂದ ಕಡಿಗೆ ಹ್ಯಾಂಗ ಕಳಸಬೇಕ್ರಿ?" ಎಂದ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ.

ಅಯ್ಯಮ್ಮ ಕುರಿಗಳ ಆಚೆ ನಿಂತಿದ್ದಳು. ನನ್ನ ಕಡೆ ಬರಲಿಲ್ಲ. ನಾನೇ ಕುರಿಗಳನ್ನು ಸರಿಸಿಕೊಂಡು ಹೋದೆ. ಅವಳು ನನ್ನ ಮುಖ ನೋಡಲಿಲ್ಲ, ನನ್ನ ಹಿಂದೆ ದಾರಿಯಲ್ಲಿ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಸಾಹೇಬ್ರು ಹ್ವಾದ್ರೇನ್ರಿ ಅಕ್ಕೋರ?"

ಅಪ್ಪಾ, ಏಳು ವಾರ ಆಗಿತ್ತು. ಸಾಹೇಬರು ನಮ್ಮ ಶಾಲೆಯಲ್ಲಿಯೇ ಕೂತಿದ್ದಾರೆ, ಅವರು ಎದ್ದು ಹೋದ ಮೇಲೆ ತನ್ನನ್ನು ಕರೆಯುತ್ತಾರೆ ಎಂದು ಆ ಹುಡುಗಿ ಏಳು ವಾರ ಕಾದಿದ್ದಾಳೆ. ನನಗೆ ನಾಚಿಕೆಯಾಯಿತು. ಆ ನಾಚಿಕೆಯನ್ನು ಹೇಳಲು ನಾನು ಕಲಿಸುವ ಪುಸ್ತಕದಲ್ಲಿ ಮಾತಿಲ್ಲ.

"ಹ್ವಾದರವ್ವಾ. ಅವತ್ತ ಹ್ವಾದರು. ನಿನಗ ಹೇಳಲಿಲ್ಲ ನೋಡು, ಅದು ನಂದೇ ತಪ್ಪು. ಸಾಲಿಗೆ ಬಾ" ಎಂದೆ. ಅವಳು ತಲೆಯಾಡಿಸಿದಳು. ಆಮೇಲೆ ಅವಳಿಗೆ ಮಾತು ಬಂತು, ಕುರಿಗಳನ್ನು ಒಂದೊಂದಾಗಿ ತೋರಿಸಿದಳು. ನೂರ ನಲವತ್ತಕ್ಕೂ ಹೆಸರಿದೆ. ಪೆಪ್ಪರಮಿಂಟು ತಿಂದೆಯಾ ಎಂದು ಕೇಳಿದೆ. ತಮ್ಮನಿಗೆ ಕೊಟ್ಟಳಂತೆ.

ರಜೆ ಮುಗಿದು ಶಾಲೆ ತೆರೆಯುವುದು ನವೆಂಬರ್ ಆರು, ಸೋಮವಾರ. ಅಂದು ತಾನೇ ಕರೆದುಕೊಂಡು ಬರುತ್ತೇನೆ ಎಂದು ಕನಕಪ್ಪ ಹೇಳಿದ್ದಾನೆ. ಈ ಅವಧಿಯಲ್ಲಿ ಅವಳಿಗೆ ತಪ್ಪಿದ ಪಾಠಗಳನ್ನು ನಾನು ಬೇರೆ ಕೂರಿಸಿ ಹೇಳುತ್ತೇನೆ. ಕಳೆಯುವ ಲೆಕ್ಕದ ಸೊನ್ನೆಯನ್ನು ಅಳಿಸಿಯಾಯಿತು.

ಸಾಹೇಬರಿಗೂ ಅರ್ಜಿ ಬರೆದು ಅಂಚೆಗೆ ಹಾಕಿದೆ. ಅಂದು ಯಾರಿಗೂ ಜ್ವರ ಇರಲಿಲ್ಲ, ನನಗೆ ಹೆದರಿಕೆ ಇತ್ತು, ಏಳು ಮಕ್ಕಳನ್ನು ನಾನೇ ಬರಬೇಡಿ ಎಂದೆ ಎಂದು ಬರೆದೆ. ಡಬ್ಬಿಯಲ್ಲಿ ಹಾಕಿದ ಮೇಲೆ ಕೈ ಒಳಗೆ ತೂರಿಸಿ ವಾಪಸು ತೆಗೆಯಲು ಆಗುತ್ತದೆಯೇ ಎಂದೂ ನೋಡಿದೆ, ಸುಳ್ಳು ಹೇಳುವುದಿಲ್ಲ. ಹನುಮಂತ್ರಾಯ ಮಾಸ್ತರರು, "ನೀವಾಗಿ ಹೋಗಿ ಬಾವ್ಯಾಗ ಬಿದ್ದಿರಲ್ರಿ" ಎಂದು ತಲೆ ಮೇಲೆ ಕೈ ಹೊತ್ತರು. ಖಾಯಂ ಆಗುತ್ತದೆಯೋ ಇಲ್ಲವೋ ತಿಳಿಯದು.

ಇನ್ನೊಂದು ಮಾತು. ನಿನ್ನ ಸಾಹೇಬರೂ ಹೋಗಿ ಮೂವತ್ತೆಂಟು ವರ್ಷವಾಯಿತು ಯಪ್ಪಾ. ನಿನಗೆ ಹೇಳುವವರು ಯಾರೂ ಇರಲಿಲ್ಲ. ನಾನು ಹೇಳುತ್ತಿದ್ದೇನೆ. ಶಾಲೆಗೆ ಬಾ.

ಗೋಪಮ್ಮ


ರಾಯಚೂರು
೧-೧೧-೧೯೭೮

ಗೋಪಮ್ಮನಿಗೆ,

ಕಾರ್ಡಿನಲ್ಲಿ ಜಾಗ ಕಡಿಮೆ. ಗಂಜಿಗೆ ಶೇಂಗಾ ಬಂದಿದೆ, ಕಾಲಿಡಲು ಜಾಗವಿಲ್ಲ. ಆದರೂ ಎರಡು ದಿನ ಬಿಡುವು ಕೇಳಿ ತೆಗೆದುಕೊಂಡಿದ್ದೇನೆ. ಭಾನುವಾರ ಸಂಜೆ ದೇವದುರ್ಗದ ಬಸ್ಸಿಗೆ ಹೊರಡುತ್ತೇನೆ. ಗುರೆಳ್ಳು ಪುಡಿ ತರುತ್ತೇನೆ, ಖಾರ ಕಡಿಮೆ ಮಾಡಿಲ್ಲ.

ಸೋಮವಾರ ನಿನ್ನ ಶಾಲೆಯ ಬಾಗಿಲಿನ ಹೊರಗೆ ನಿಂತಿರುತ್ತೇನೆ. ನಾನಾಗಿ ಒಳಗೆ ಬರುವುದಿಲ್ಲ. ಮೂವತ್ತೊಂದು ಮಕ್ಕಳ ಮುಂದೆ ನೀನು ಹೆಸರು ಹಿಡಿದು ಜೋರಾಗಿ ಕರೆಯಬೇಕು. ನನಗೆ ಮೂರನೆಯ ತರಗತಿಯ ಮೂಲೆಯಲ್ಲಿ ಅಯ್ಯಮ್ಮನ ಪಕ್ಕ ಜಾಗ ಇಡು.

ಅಂದು ಯಾವ ಪಾಠ ಎಂದು ಮೊದಲೇ ಬರೆಯಬೇಡ. ನೀನು ಕೇಳಿದ್ದು ನನಗೆ ಬಾರದಿದ್ದರೆ, ಎದ್ದು ನಿಂತು, ಬರುವುದಿಲ್ಲ ಅಕ್ಕೋರ ಎಂದೇ ಹೇಳುತ್ತೇನೆ.

ಸುಂಕಪ್ಪ
ಮೂರನೆಯ ತರಗತಿ